ಇನ್ನೆಷ್ಟು ದಿನವೆಂದು ತಿಳಿದಿದ್ದವರು

ಓದುಗ ಮಹನೀಯರ ಗಮನಕ್ಕೆ ವಿನಯಪೂರ್ವಕವಾಗಿ ತರಬಯಸುವುದೇನೆಂದರೆ, ಈ ಬರಹವು ಕಳೆದ ತಿಂಗಳು ಫರೀದಾಬಾದಿನಲ್ಲಿ ತೀರಿಕೊಂಡ, ನನ್ನ ಹಿಂದಿನ ಮೇಲಧಿಕಾರಿಗಳೂ ನೆರೆಯವರೂ ಆಗಿದ್ದ ಒಬ್ಬರನ್ನು ಕುರಿತದ್ದಾಗಿದೆ. ಅವರ ಹೆಸರನ್ನು ಇಲ್ಲಿ ನಮೂದಿಸಿಲ್ಲ. ಅವರ ಶ್ರೀಮತಿಯವರೂ ಮಗಳೂ ಇದೇ ಸೀಮೆಯಲ್ಲಿ ವಾಸವಾಗಿದ್ದು, ಕೇಳಿದಾಗ "ಬರೀರಿ, ಹೆಸರು ಮಾತ್ರ ಬೇಡ" ಎಂದು ತಿಳಿಸಿರುತ್ತಾರೆ. ಕಚೇರಿಯ ಟಿಪ್ಪಣಿ ಮತ್ತು ಪತ್ರಗಳನ್ನು ಬಿಟ್ಟರೆ ನಾನು ಬೇರೇನನ್ನೂ ಬರೆದವಳಲ್ಲ. ಆದಕಾರಣ ಹಿಂದುಮುಂದಾಗಿದ್ದಲ್ಲಿ ಮನ್ನಿಸಬೇಕೆಂದು ಕೋರುತ್ತೇನೆ.

ನಾನು ದಿಲ್ಲಿಗೆ ಬಂದು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಗುಮಾಸ್ತೆಯಾಗಿ ಸೇರಿದಾಗ ಅವರು ನಮ್ಮ ವಿಭಾಗದ ಸೆಕ್ಷನ್ ಆಫೀಸರಾಗಿದ್ದರು. ಲೋಧಿ ಕಾಲೋನಿಯ ಸರ್ಕಾರಿ ವಸತಿಗೃಹದಲ್ಲಿ ಅವರದು ಕೆಳಗಿನ ಮನೆ, ನಮ್ಮದು ನೇರ ಅದರ ಮೇಲಿನದು. "ಹಗಲು ನೀವು ನನ್ನ ಕೈಕೆಳಗೆ, ಸಂಜೆ ನಾನು ನಿಮ್ಮ ಕಾಲ್ಕೆಳಗೆ. ಸರ್ಕಾರ ಯಾರಿಗೂ ಅನ್ಯಾಯ ಮಾಡೋದಿಲ್ಲ ನೋಡಿ ಅಮ್ಮಾ" ಎಂದು ಮೊದಲ ವಾರದಲ್ಲೇ ಹೇಳಿ ನನ್ನ ಅಂಜಿಕೆಯನ್ನು ಬಿಡಿಸಿದ್ದರು. ವಯಸ್ಸಿನಲ್ಲಿ ಎಷ್ಟೋ ಕಿರಿಯಳಾದ ನನ್ನನ್ನು ಕೊನೆಯವರೆಗೂ ಬಹುವಚನದಲ್ಲಿಯೇ ಕರೆದರು.

ಎತ್ತರದ ಆಳು. ತೆಳ್ಳಗಿನ ಮೈ. ದೀಪಾವಳಿಯಿಂದ ಹೋಳಿಯವರೆಗೆ ಹೆಂಡತಿ ಹೆಣೆದ ಕಂದುಬಣ್ಣದ ತೋಳಿಲ್ಲದ ಸ್ವೆಟರು. ಜೇಬಿನಲ್ಲಿ ಯಾವಾಗಲೂ ಒಂದಿಷ್ಟು ಕಿತ್ತಳೆಹುಳಿ ಪೆಪ್ಪರ್‌ಮಿಂಟು, ಸಕ್ಕರೆ ಏಕಾಏಕಿ ಇಳಿದು ಕಣ್ಣು ಕತ್ತಲಿಟ್ಟರೆ ಬಾಯಿಗೆ ಹಾಕಿಕೊಳ್ಳಲು. ಸಕ್ಕರೆ ಕಾಯಿಲೆ ಅವರಿಗೆ ನಲವತ್ತರೊಳಗೇ ಬಂದಿತ್ತು. ಅವರನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ಮೊದಲು ಕಾಣುವುದು ಒಂದು ಅಭ್ಯಾಸ. ಮಾತನಾಡುತ್ತಲೇ ಮೇಜಿನ ಕೆಳಗೆ ಬಾಗಿ, ಕಾಲುಚೀಲವನ್ನು ಕೆಳಕ್ಕೆ ಸರಿಸಿ, ಕಣಕಾಲಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿಯುತ್ತಿದ್ದರು. ಬೆರಳು ತೆಗೆದ ಮೇಲೆ ಅಲ್ಲಿ ಗುಳಿ ನಿಲ್ಲುತ್ತದೆಯೇ, ನಿಂತರೆ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದನ್ನು ನೋಡಿ, ಮತ್ತೆ ಕಾಲುಚೀಲವನ್ನು ಏರಿಸಿ, ಬಿಟ್ಟ ವಾಕ್ಯದಿಂದಲೇ ಮಾತು ಮುಂದುವರಿಸುತ್ತಿದ್ದರು. ನೀರು ತುಂಬಿದ ಕಾಲು ಮೂತ್ರಪಿಂಡದ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಹೇಳುತ್ತದೆ ಎಂಬುದು ಅವರ ತಿಳಿವಳಿಕೆ.

ಅವರ ತಂದೆಯೂ ಇದೇ ಕಾಯಿಲೆಯಲ್ಲಿ, ಐವತ್ತೈದು ತುಂಬುವ ಮುನ್ನ ಹೋದವರು. ಅಣ್ಣನೂ ಹಾಗೆಯೇ. ಆದ್ದರಿಂದ ತಮ್ಮ ಪಾಲಿಗೆ ಬಂದಿರುವುದೂ ಅಷ್ಟೇ ಎಂದು ಅವರು ತೀರ್ಮಾನಿಸಿದ್ದರು. ಇದನ್ನು ಗೋಳಾಗಿ ಹೇಳುತ್ತಿರಲಿಲ್ಲ. ವರ್ಗಾವಣೆಯ ಆದೇಶ ಬಂದಿದೆ, ದಿನಾಂಕ ಮಾತ್ರ ಬಾಕಿ ಎನ್ನುವ ಹಾಗೆ ಹೇಳುತ್ತಿದ್ದರು. ಸಂಜೆ ಹೊರಡುವ ಮುನ್ನ ಮೇಜಿನ ಮೇಲೆ ಒಂದು ಕಡತವೂ ಉಳಿಯಬಾರದು. "ನಾಳೆ ಈ ಕುರ್ಚಿಯಲ್ಲಿ ಇನ್ಯಾರೋ ಕೂತರೆ, ಅವರು ಬಂದ ದಿನವೇ ನನ್ನನ್ನ ಬೈಬಾರದು." ನಮ್ಮ ಕನ್ನಡದವರು ಕೆಲವರು ಸೇರಿ ದ್ವಾರಕೆಯಲ್ಲಿ ಮನೆ ಕಟ್ಟಿಸಿಕೊಳ್ಳಲು ಸಹಕಾರ ಸಂಘ ಮಾಡಿಕೊಂಡು ಅವರನ್ನೂ ಕರೆದಾಗ ನಕ್ಕು ಕೈಮುಗಿದರು. "ಅಡಿಪಾಯಕ್ಕೆ ಬಂದು ಉಂಡು ಹೋಗ್ತೇನೆ. ಗೃಹಪ್ರವೇಶದ ಊಟಕ್ಕೆ ನನ್ನ ಎಲೆ ಲೆಕ್ಕ ಇಟ್ಕೋಬೇಡಿ." ಒಮ್ಮೆ ಗೀಸರ್ ಕೊಳ್ಳಲು ಅವರ ಜೊತೆಯಲ್ಲಿ ನಾವೂ ಹೋಗಿದ್ದೆವು. ಅಂಗಡಿಯವನು ಐದು ವರ್ಷದ ಗ್ಯಾರಂಟಿ ಎಂದು ಹೆಮ್ಮೆಯಿಂದ ಹೇಳಿದಾಗ, "ಭಯ್ಯಾ, ಗ್ಯಾರಂಟಿ ಗೀಸರ್‌ಗೆ ಯಾಕೆ, ನನಗೆ ಕೊಡು" ಎಂದು ಹಿಂದಿಯಲ್ಲಿ ಕೇಳಿದರು. ಅವನು ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದ.

ದಿಲ್ಲಿಯ ಚಳಿಗಾಲದಲ್ಲಿ ಊಟದ ವಿರಾಮವೆಂದರೆ ಹುಲ್ಲುಹಾಸಿನ ಮೇಲಿನ ಬಿಸಿಲು. ಎಲ್ಲ ಕಚೇರಿಗಳಿಂದಲೂ ಜನ ಹೊರಬಂದು ಕೂರುತ್ತಾರೆ. ಹೆಂಗಸರು ಹೆಣಿಗೆ ತೆಗೆಯುತ್ತಾರೆ, ಗಂಡಸರು ಕಡಲೆಕಾಯಿ ಸುಲಿಯುತ್ತಾರೆ. ಐವತ್ತು ದಾಟಿದವರ ಗುಂಪಿನಲ್ಲಿ ಮಾತೆಲ್ಲವೂ ಕಾಯಿಲೆಯದೇ. ಯಾರ ರಕ್ತದೊತ್ತಡ ಎಷ್ಟು, ಯಾರಿಗೆ ಯಾವ ಮಾತ್ರೆ, ನಿವೃತ್ತಿಯ ತನಕ ಯಾರು ಎಳೆದಾರು ಎಂಬುದನ್ನು ಕ್ರಿಕೆಟ್ಟಿನ ಮಾತಿನಂತೆ ಆಡುತ್ತಿದ್ದರು. ಪಕ್ಕದ ವಿಭಾಗದ ಖುರಾನಾಜಿ ಎಂಬ ಪಂಜಾಬಿಯವರು ಎದೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರೇ ಗಾಜಿಯಾಬಾದಿನ ಮನೆಯ ಮೇಲೆ ಮತ್ತೊಂದು ಅಂತಸ್ತು ಎಬ್ಬಿಸಿದ್ದರು. ತೊಂಬತ್ತು ತುಂಬುವ ಮೊದಲು ಈ ಲೋಕದಿಂದ ಏಳುವುದಿಲ್ಲ ಎನ್ನುವುದು ಅವರ ಪ್ರತಿಜ್ಞೆ. ಅವರಿಗೆ ನಮ್ಮ ಸಾಹೇಬರನ್ನು ಕೆಣಕದಿದ್ದರೆ ಊಟ ಅರಗುತ್ತಿರಲಿಲ್ಲ.

"ಅರೇ ಸಾಹಬ್, ನಾನು ಈ ಇಲಾಖೆಗೆ ಬಂದಾಗಿನಿಂದ ನೀವು ಹೊರಟೇ ಇದ್ದೀರಿ. ಗಾಡಿ ಲೇಟ್ ಹೈ ಕ್ಯಾ?"

"ಗಾಡಿ ಟೈಮಿಗೇ ಇದೆ ಖುರಾನಾಜಿ. ನಾನು ಸ್ಟೇಷನ್ನಿಗೆ ಬೇಗ ಬಂದುಬಿಟ್ಟಿದ್ದೇನೆ."

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಆ ಮಾತನ್ನು ಅವರು ನಿಜವಾಗಿಯೂ ನಂಬಿಯೇ ಆಡುತ್ತಿದ್ದರೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ನಾನೂ ಹಾಗೆಯೇ ಬರೆಯುತ್ತೇನೆ. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಶುರುವಾದ ಮಾತು ಹಿಂದಿಯಲ್ಲಿ ಮುಗಿಯುತ್ತಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಕಾಲೋನಿಯ ಓಣಿಗಳಲ್ಲಿ ನನ್ನ ಜೊತೆ ತರಕಾರಿಗೆ ಬಂದರೆ, "ಆಂಟಿ, ಯೇ ದೇಖಿಯೇ, ಈ ಮರದ ತೊಗಟೆ ಮುಟ್ಟಿ" ಎಂದು ನಿಲ್ಲಿಸಿಬಿಡುತ್ತಿದ್ದಳು. ಚೀಲ ಹೊತ್ತು ನಿಂತ ನನಗೆ ಕೈ ಸೋಲುತ್ತಿತ್ತೇ ವಿನಾ ಬೇಸರ ಬರುತ್ತಿರಲಿಲ್ಲ. ಪರೀಕ್ಷೆ ಮುಗಿಯುವ ಮೊದಲೇ ಅವಳಿಗೆ ವಸಂತ್ ಕುಂಜ್ ಕಡೆಯ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಪ್ರವೇಶ ದೊರೆಯಿತು. ಆ ದಿನ ಸಾಹೇಬರು ವಿಭಾಗಕ್ಕೆಲ್ಲ ಬರ್ಫಿ ಹಂಚಿದರು. ತಾವೂ ಒಂದು ಚೂರು ಬಾಯಿಗಿಟ್ಟುಕೊಂಡು, "ಇವತ್ತು ಡಾಕ್ಟರು ಕಣ್ಣು ಮುಚ್ಕೋಬೇಕು" ಎಂದರು.

ಇದಾದ ಕೆಲವೇ ವಾರಗಳಲ್ಲಿ ಅವರ ಕಾಲುಗಳು ಬಾತುಕೊಂಡು, ಉಸಿರು ಕಟ್ಟಿದಂತಾಗಿ, ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಮುಂದಿನ ಸಂಗತಿಗೆ ನಾನು ಪ್ರತ್ಯಕ್ಷ ಸಾಕ್ಷಿಯಾಗಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ದಾಖಲಿಸಬಯಸುತ್ತೇನೆ.

ಬಿಡುಗಡೆಯ ದಿನ ತರುಣ ವೈದ್ಯರೊಬ್ಬರು ಹಾಸಿಗೆಯ ಬಳಿ ಬಂದು, ಮೂತ್ರಪಿಂಡಕ್ಕೆ ಸ್ವಲ್ಪ ಪೆಟ್ಟು ಬಿದ್ದಿರುವುದು ನಿಜ, ಇನ್ನು ಮುಂದೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಆದರೆ ಪಥ್ಯದಲ್ಲಿದ್ದರೆ ಇನ್ನೂ ಬಹಳ ವರ್ಷ ಧಾರಾಳವಾಗಿ ಬಾಳುತ್ತೀರಿ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿದರು. ಹೇಳಿ, ಅವರ ಶ್ರೀಮತಿಯವರ ಕಡೆ ತಿರುಗಿ, "ಮಾತಾಜಿ, ಆಪ್ ಜರಾ ಬಾಹರ್ ಆಯಿಯೇ" ಎಂದು ಹೊರಗೆ ಕರೆದರು. ಅಕ್ಕನಿಗೆ—ಅವರ ಶ್ರೀಮತಿಯವರನ್ನು ನಾನು ಹಾಗೆ ಕರೆಯುತ್ತೇನೆ—ತರಕಾರಿಯವನೊಂದಿಗೆ ಚೌಕಾಸಿ ಮಾಡುವಷ್ಟು ಹಿಂದಿ ಮಾತ್ರ ಬರುತ್ತಿತ್ತು. ಆದುದರಿಂದ ನಾನೂ ಜೊತೆಗೆ ಹೋದೆನು.

ಒಳಗೆ ಪಕ್ಕದ ಹಾಸಿಗೆಗೆ ಹೊಸ ರೋಗಿಯನ್ನು ತಂದು ಗಲಾಟೆಯಾಗಿತ್ತು. ಹೊರಗೆ ಕರೆದದ್ದು ಅದಕ್ಕೆ. ವರಾಂಡದಲ್ಲಿ ನಿಂತು ವೈದ್ಯರು ಒಂದು ಕಿತ್ತಳೆ ಹಣ್ಣಿಗೆ ಸೂಜಿ ಚುಚ್ಚಿ ತೋರಿಸಿದರು. ಉಪ್ಪಿನಕಾಯಿ, ಹಪ್ಪಳ ಮನೆಯಲ್ಲೇ ಇರಕೂಡದು ಎಂದರು. ದಿನಾಲೂ ಪಾದಗಳನ್ನು ಬೆರಳುಸಂದಿಯವರೆಗೆ ನೋಡಬೇಕು, ಗಾಯವಾದರೆ ಅವರಿಗೇ ತಿಳಿಯುವುದಿಲ್ಲ ಎಂದರು. ಇಷ್ಟೇ. ಇದರ ಹೊರತು ಒಂದು ಅಕ್ಷರವನ್ನೂ ಅವರು ಹೇಳಲಿಲ್ಲ. ಸೂಜಿಗೆ ಹೆದರಿ ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. "ನನ್ನ ಕೈಯಲ್ಲಿ ಆಗುತ್ತೇನೇ? ಇವರ ಮೈಗೆ ಚುಚ್ಚೋದು ಅಂದ್ರೆ!" ಎನ್ನುತ್ತಾ ಸೆರಗಿನಿಂದ ಒರೆಸಿಕೊಂಡು ಒಳಗೆ ಬಂದರು.

ಸಾಹೇಬರು ಆ ಒದ್ದೆ ಕಣ್ಣನ್ನು ನೋಡಿದರು.

"ಹೊರಗೆ ಏನಂದ್ರು?"

"ಸೂಜಿ ಹಾಕೋದು ಹೇಳಿಕೊಟ್ರು. ಉಪ್ಪು ಕಮ್ಮಿ ಮಾಡಬೇಕಂತೆ."

"ಅದನ್ನ ಒಳಗೇ ಹೇಳಬಹುದಿತ್ತಲ್ಲ."

ಮನೆ ತಲುಪಿದ ಮೇಲೆ ನನ್ನೊಬ್ಬಳನ್ನೇ ಕರೆದು ಕೇಳಿದರು. ನಾನು ಕಿತ್ತಳೆ ಹಣ್ಣಿನಿಂದ ಹಿಡಿದು ಬೆರಳುಸಂದಿಯವರೆಗೆ ನಡೆದುದೆಲ್ಲವನ್ನೂ ಹೇಳಿದೆನು. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು.

"ನೀವೂ ಅವಳ ಕಡೆ ಸೇರ್ಕೊಂಡ್ರಾ ಅಮ್ಮಾ? ಪರವಾಗಿಲ್ಲ. ನಾನೂ ಇದನ್ನೇ ಮಾಡಿದ್ದೆ. ಅಣ್ಣನ ಡಾಕ್ಟರು ನನ್ನನ್ನ ಹೊರಗೆ ಕರೆದು, ಎರಡು ತಿಂಗಳು ಅಂದ್ರು. ನಾನು ಮುಖ ತೊಳಕೊಂಡು ಒಳಗೆ ಹೋಗಿ, 'ಏನಿಲ್ಲ ಅಣ್ಣ, ಅನ್ನ ಕಮ್ಮಿ ಮಾಡಿ ಚಪಾತಿ ತಿನ್ನಬೇಕಂತೆ' ಅಂದೆ. ನಗ್ತಾ ಅಂದೆ. ಅಪ್ಪನಿಗೆ ಅಣ್ಣ ಹೀಗೇ ಹೇಳಿದ್ದ. ನಮ್ಮಲ್ಲಿ ಒಳಗೆ ಹೇಳೋದು ರೋಗಿಗೆ, ಹೊರಗೆ ಹೇಳೋದು ನಿಜ."

ಈ ಮಾತನ್ನು ಸುಳ್ಳೆನ್ನಲು ನನಗೂ ಸಾಧ್ಯವಾಗಲಿಲ್ಲ. ನಮ್ಮ ಜನರಲ್ಲಿ ಇದೇ ರೂಢಿ. ನನ್ನ ತಾಯಿಗೆ ನಾವೂ ಹಾಗೆಯೇ ಹೇಳಿ ಕಳುಹಿಸಿಕೊಟ್ಟಿದ್ದೆವು. ಆದರೆ ಈ ಸಲ ಒಳಗೂ ಹೊರಗೂ ಹೇಳಿದ್ದು ಒಂದೇ ಆಗಿತ್ತು. ಅದನ್ನು ಅವರಿಗೆ ನಂಬಿಸುವ ದಾರಿ ಯಾವುದೂ ಉಳಿದಿರಲಿಲ್ಲ. ಅಕ್ಕ ದೇವರ ಮುಂದೆ ದೀಪ ಮುಟ್ಟಿ ಹೇಳಿದರು. "ನನಗೋಸ್ಕರ ಸುಳ್ಳಾಣೆ ಕೂಡ ಮಾಡ್ತಾಳೆ ಪಾಪ" ಎಂದು ಅವರ ಕಣ್ಣೂ ಒದ್ದೆಯಾಯಿತು. ಅಕ್ಕ ಅತ್ತರೆ ಅದು ಪುರಾವೆ. ನಕ್ಕರೆ ಮರೆಮಾಚುತ್ತಿರುವುದಕ್ಕೆ ಪುರಾವೆ. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ ಎಂದು ಅವರು ತಮ್ಮೊಳಗೇ ನಿಗದಿ ಮಾಡಿಕೊಂಡರು.

ಇದರ ಪರಿಣಾಮವು ಪುಟ್ಟಿಯ ಮೇಲಾಯಿತು. ಧಾರೆ ಎರೆಯಲು ತಂದೆಯ ಕೈ ಇರಬೇಕು, ಚಿಕ್ಕಪ್ಪ ದೊಡ್ಡಪ್ಪಂದಿರ ಕೈಯಲ್ಲಿ ಮಗಳ ಮದುವೆ ಆಗಬಾರದು ಎಂಬುದೊಂದೇ ಹಂಬಲ ಅವರಿಗೆ ಹತ್ತಿತು. ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದ ಕನ್ನಡದ ಹುಡುಗನ ಸಂಬಂಧ ಬಂತು. ಒಳ್ಳೆಯ ಮನೆತನ, ಹುಡುಗ ಇಂದಿಗೂ ಒಳ್ಳೆಯವರೇ. ಪುಟ್ಟಿ ಮೊದಲಿಗೆ ಒಪ್ಪಲಿಲ್ಲ. ಅಂದು ನಾನು ಅವರ ಮನೆಯ ಮುಂದಿನ ಬಿಸಿಲಲ್ಲಿ ಅಕ್ಕನ ಜೊತೆ ಬಟಾಣಿ ಸುಲಿಯುತ್ತಿದ್ದೆ. ಅಪ್ಪ ಮಗಳ ಮಾತು ಬಾಗಿಲಲ್ಲೇ ನಡೆಯಿತು.

"ಅಪ್ಪ, ನಾನು ಬೇಡ ಅಂತಿಲ್ಲ. ಬಸ್ ದೋ ಸಾಲ್. ಎರಡೇ ವರ್ಷ ಕೊಡಿ. ಕೆಲಸ ಒಂದು ಹದಕ್ಕೆ ಬರಲಿ, ಆಮೇಲೆ ನೀವು ತೋರಿಸಿದವರನ್ನೇ ಮಾಡ್ಕೋತೀನಿ."

"ನನ್ನ ಹತ್ತಿರ ಇದ್ದಿದ್ರೆ ಕೊಡ್ತಿದ್ದೆ ಪುಟ್ಟಿ."

ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಅವರು ಬಾಗಿ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಪುಟ್ಟಿ ಅದನ್ನು ನೋಡಿದಳು. "ಠೀಕ್ ಹೈ ಅಪ್ಪ" ಎಂದಷ್ಟೇ ಹೇಳಿ ಒಳಗೆ ಹೋದಳು. ಅಕ್ಕ ಬಟಾಣಿಯ ತಟ್ಟೆಯನ್ನು ಕೆಳಗಿಟ್ಟು, "ಇವಳಿಗೆ ನೀನಾದ್ರೂ ಹೇಳು, ಡಾಕ್ಟರು ಹಾಗೆ ಅಂದಿಲ್ಲ ಅಂತ" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಹೇಳಿದೆನು. ಪುಟ್ಟಿ ನನ್ನ ಮಾತನ್ನು ನಂಬಿದಳು. "ಆಂಟಿ, ನೀವು ಸಚ್ ಹೇಳ್ತಿದ್ದೀರ ಅಂತ ಗೊತ್ತು. ಆದ್ರೆ ಅಪ್ಪನಿಗೆ ಏನಾದ್ರೂ ಆದ್ರೆ? ಆಗ ಜೀವನಪೂರ್ತಿ ನಾನೇ ತಪ್ಪು ಮಾಡಿದ ಹಾಗೆ" ಎಂದಳು.

ದಕ್ಷಿಣದವರ ದೇವಸ್ಥಾನವೊಂದರ ಸಭಾಂಗಣದಲ್ಲಿ ಮದುವೆ ನೆರವೇರಿತು. ಧಾರೆಯನ್ನು ಅವರೇ ಎರೆದರು. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವರಲ್ಲಿ ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ. ಊಟಕ್ಕೆ ಬಂದಿದ್ದ ಖುರಾನಾಜಿಯವರ ಕೈ ಕುಲುಕಿ, "ಇನ್ನು ನಿಮ್ಮ ಗಾಡಿ ಯಾವಾಗ ಬೇಕಾದರೂ ಬರಲಿ" ಎಂದರು. ಖುರಾನಾಜಿ ಆ ದಿನ ಯಾಕೋ ನಗಲಿಲ್ಲ. "ಶುಭ ದಿನ ಸಾಹಬ್, ಇಂಥ ಮಾತು ಬೇಡ" ಎಂದು ತಿರುಗಿಕೊಂಡರು.

ಆ ವರ್ಷ ಕಳೆಯಿತು. ಮರುವರ್ಷವೂ ಕಳೆಯಿತು. ಅಕ್ಕ ಹೆದರುತ್ತಲೇ ಕಲಿತ ಸೂಜಿ, ಉಪ್ಪಿಲ್ಲದ ಸಾರು, ದಿನವೂ ತೊಳೆದು ನೋಡಿದ ಪಾದ ಎಲ್ಲವೂ ತಮ್ಮ ಕೆಲಸ ಮಾಡಿದವು. ಐವತ್ತೈದು ತುಂಬಿದ ದಿನ ಬೆಳಿಗ್ಗೆ ನಾನು ಶುಭಾಶಯ ಹೇಳಲು ಕೆಳಗಿಳಿದು ಹೋದಾಗ ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ದಾರಿ ತಪ್ಪಿದವರಂತೆ ಓಣಿಯನ್ನು ನೋಡುತ್ತಿದ್ದರು.

"ಅಮ್ಮಾ, ಇವತ್ತಿಗೆ ನಾನು ಅಣ್ಣನಿಗಿಂತ ದೊಡ್ಡವನಾಗಿಬಿಟ್ಟೆ" ಎಂದರು. "ಇನ್ನು ಮುಂದೆ ಹೇಗಿರಬೇಕು ಅಂತ ನೋಡಿಕೊಳ್ಳೋದಕ್ಕೆ ಮುಂದೆ ಯಾರೂ ಇಲ್ಲ."

ಮೊದಲ ಕೆಲವು ತಿಂಗಳು ಸಂತೋಷಪಟ್ಟರೆಂದೇ ನನ್ನ ಭಾವನೆ. ಆಮೇಲೆ ಅವರಲ್ಲಿ ಒಂದು ಬಗೆಯ ಚಡಪಡಿಕೆ ಶುರುವಾಯಿತು. ಮದುವೆಯ ಮಾತುಕತೆಯಲ್ಲಿ ಬೀಗರು "ಓದು ಬಿಡಿಸೋದಿಲ್ಲ" ಎಂದಿದ್ದರು. ಅದನ್ನು ಅವರು ಮನಸ್ಸಿನಿಂದಲೇ ಹೇಳಿದ್ದರು. ಪುಟ್ಟಿ ಫರೀದಾಬಾದಿನಿಂದ ಬಸ್ಸು ಬದಲಿಸುತ್ತಾ ವಿಶ್ವವಿದ್ಯಾಲಯಕ್ಕೆ ಕೆಲವು ತಿಂಗಳು ಓಡಾಡಿದಳು. ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಅವರು ಎದ್ದು ಓಡಾಡುವ ಹೊತ್ತಿಗೆ ಪುಟ್ಟಿ ಬಸುರಿ. ಮಗು ಹುಟ್ಟಿದ ಮೇಲೆ ಅವಳ ಹೆಸರನ್ನು ವಿಶ್ವವಿದ್ಯಾಲಯದವರು ತೆಗೆದುಹಾಕಿದರು. ಯಾರೊಬ್ಬರ ಮೇಲೂ ದೂರು ಹೇಳುವಂತಿರಲಿಲ್ಲ. ದೂರಿಗೆ ಅವಕಾಶವಿದ್ದದ್ದು ಒಂದೇ ಕಡೆ. ಸಾಹೇಬರು ಪ್ರತಿದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಡಬ್ಬಿ ಹಿಡಿದು, ಕಚೇರಿಗೆ ಹೊರಡುತ್ತಲೇ ಇದ್ದರು.

ಆ ವರ್ಷಗಳಲ್ಲಿ ಅವರು ಹುಲ್ಲುಹಾಸಿಗೆ ಬರುವುದನ್ನು ನಿಲ್ಲಿಸಿದರು. ಕಾಯಿಲೆಯ ಮಾತನ್ನೇ ಆಡುತ್ತಿರಲಿಲ್ಲ. ಯಾರಾದರೂ "ಈಗ ಹೇಗಿದ್ದೀರಿ?" ಎಂದು ಕೇಳಿದರೆ, ತಪ್ಪು ಒಪ್ಪಿಕೊಳ್ಳುವವರಂತೆ ದನಿ ತಗ್ಗಿಸಿ "ಚೆನ್ನಾಗಿದ್ದೇನೆ" ಎನ್ನುತ್ತಿದ್ದರು. ಮಗಳು ಮಗುವನ್ನೆತ್ತಿಕೊಂಡು ಬಂದ ಭಾನುವಾರಗಳಲ್ಲಿ ಮಾತ್ರ ಅವರಿಗೆ ಸೊಂಟನೋವೋ ತಲೆನೋವೋ ಇರುತ್ತಿತ್ತು. ಅವಳು ಹೋದ ಮೇಲೆ ಇರುತ್ತಿರಲಿಲ್ಲ. ಅಕ್ಕ ಇದನ್ನು ಬಟ್ಟೆ ಒಣಹಾಕುತ್ತಾ ನನಗೆ ಹೇಳಿದರು. "ಅವಳ ಎದುರು ಗಟ್ಟಿಯಾಗಿರೋದಕ್ಕೆ ಇವರಿಗೆ ನಾಚಿಕೆ ಕಣೇ."

ಅರವತ್ತು ತುಂಬಿ ಅವರು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಸಮೋಸ, ಚೆಂಡುಹೂವಿನ ಹಾರ, ಒಂದು ಶಾಲು. ಮಾತನಾಡಿದ ಅಧಿಕಾರಿಗಳೆಲ್ಲರೂ ದೇವರು ಅವರಿಗೆ ದೀರ್ಘಾಯುಷ್ಯವನ್ನು ಕರುಣಿಸಲಿ ಎಂದು ಹಾರೈಸಿದರು. ಒಬ್ಬೊಬ್ಬರು ಹಾರೈಸಿದಾಗಲೂ ಅವರು ತಲೆ ತಗ್ಗಿಸುತ್ತಿದ್ದರು. ರೂಢಿಯ ಪ್ರಕಾರ ಕಚೇರಿಯ ಕಾರಿನಲ್ಲಿ ಮನೆಯವರೆಗೆ ಬಿಟ್ಟುಬರಲು ನಾನೂ ಖುರಾನಾಜಿಯೂ ಜೊತೆಯಲ್ಲಿ ಹೋದೆವು. ಆರತಿ ಎತ್ತಲು ಪುಟ್ಟಿ ಬಂದಿದ್ದಳು. ಅವಳ ಮಗಳು ಶಾಲೆಯ ಸಮವಸ್ತ್ರದಲ್ಲೇ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಖುರಾನಾಜಿ ವಾತಾವರಣವನ್ನು ತಿಳಿಗೊಳಿಸಲೆಂದು, "ಬೇಟಾ, ನಿನ್ನ ಪಾಪಾ ನಮಗೆಲ್ಲ ಮೋಸ ಮಾಡಿದರು ನೋಡು. ಹೊರಟೆ ಹೊರಟೆ ಅಂತ ಅರವತ್ತು ಮುಗಿಸಿದರು" ಎಂದರು.

ಪುಟ್ಟಿ ತಂದೆಯ ಕೊರಳಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದ ಹೂವಿನೆಸಳುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ನೀವು ಹೋಗ್ತೀರಿ ಅಂತ ನಾನು ಹೋದೆ ಅಪ್ಪ. ಆಪ್ ತೋ ಯಹೀಂ ಹೈಂ."

ನೀವಾದರೋ ಇಲ್ಲೇ ಇದ್ದೀರಿ ಎಂದು ಅವಳು ಹೇಳಿದ್ದು. ಕೋಪದಿಂದ ಹೇಳಿದ್ದರೆ ಯಾರಾದರೂ ಗದರಬಹುದಿತ್ತು. ಖುರಾನಾಜಿ ಎದ್ದು ಕಾರಿನವನನ್ನು ನೋಡಿಬರುತ್ತೇನೆಂದು ಹೊರಗೆ ಹೋದರು. ಸಾಹೇಬರು "ಹೌದಮ್ಮಾ" ಎಂದರು. ಎಸಳುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಅವಳು ಅಡುಗೆಮನೆಗೆ ಹೋದಳು.

ಸರ್ಕಾರಿ ಮನೆಯನ್ನು ಬಿಡಬೇಕಾಯಿತು. ಬಾಳುವೆನೆಂದು ಎಣಿಸದವರು ಬಾಳಲು ಜಾಗವನ್ನೂ ಮಾಡಿಕೊಂಡಿರಲಿಲ್ಲ. ಅಳಿಯ ತಮ್ಮ ಮನೆಗೇ ಬನ್ನಿರೆಂದು ಕರೆದರು. ಅಳಿಯನ ಮನೆಯಲ್ಲಿ ಹೇಗೆ ಇರುವುದು ಎಂದು ಇವರು ಫರೀದಾಬಾದಿನ ಅದೇ ಓಣಿಯಲ್ಲಿ ನೆಲಮಹಡಿಯ ಒಂದು ಮನೆಯನ್ನು ಬಾಡಿಗೆಗೆ ಹಿಡಿದರು. ಅಲ್ಲಿಗೆ ಹೋದ ಎರಡನೆಯ ಚಳಿಗಾಲದಲ್ಲಿ ಮೂತ್ರಪಿಂಡಗಳು ಕೈಬಿಟ್ಟವು. ವಾರದಲ್ಲಿ ಎರಡು ಸಲ ಯಂತ್ರಕ್ಕೆ ಹಾಕಿ ರಕ್ತ ಶುದ್ಧಿ ಮಾಡಿಸಬೇಕಾಯಿತು. ಅಕ್ಕನಿಗೆ ಅಷ್ಟು ಹೊತ್ತಿಗೆ ಮಂಡಿ ಮಡಚಲು ಬರುತ್ತಿರಲಿಲ್ಲ. ಅಳಿಯನಿಗೆ ಪಾಳಿಯ ಕೆಲಸ. ಉಳಿದವಳು ಪುಟ್ಟಿ. ಮಗಳನ್ನು ಶಾಲೆಗೆ ಬಿಟ್ಟು, ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ, ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕುಳಿತು, ವಾಪಸು ಕರೆತಂದು, ಎರಡು ಮನೆಯ ಅಡುಗೆ ಮಾಡುತ್ತಿದ್ದಳು. ಅವಳಿಗೆ ಆಗ ಮೂವತ್ತು ದಾಟಿತ್ತಷ್ಟೆ. ಬೈತಲೆಯ ಹತ್ತಿರ ಕೂದಲು ನೆರೆತದ್ದನ್ನು ಕಂಡೆನು.

ನಾನು ಕೊನೆಯ ಬಾರಿ ಹೋದಾಗ ಅವರು ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ದಿನಕ್ಕೆ ಕುಡಿಯಬಹುದಾದ ನೀರನ್ನು ಪುಟ್ಟಿ ಅಳೆದು ಒಂದು ಸ್ಟೀಲ್ ಚೊಂಬಿನಲ್ಲಿ ಇಟ್ಟು ಹೋಗಿದ್ದಳು. ಅದನ್ನು ಮುಟ್ಟದೆ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಅಕ್ಕ ಚಹಾ ಮಾಡಲು ಒಳಗೆ ಹೋದ ಮೇಲೆ ಕೇಳಿದರು.

"ಆ ಹುಡುಗ ಡಾಕ್ಟರು ಆವತ್ತು ನಿಜಾನೇ ಹೇಳಿದ್ದು, ಅಲ್ವಾ ಅಮ್ಮಾ?"

"ಹೌದು ಸಾರ್."

"ಹೊರಗೂ ಅದನ್ನೇ ಹೇಳಿದ್ದಾ?"

"ಹೊರಗೆ ಸೂಜಿ ವಿಚಾರ ಬಿಟ್ಟು ಬೇರೇನೂ ಹೇಳಲಿಲ್ಲ ಸಾರ್."

ಅವರು ತಲೆಯಾಡಿಸಿದರು. "ಅಣ್ಣನಿಗೆ ನಾನು ಹೇಳಿದ್ದು ಸುಳ್ಳು. ಅವನು ನಂಬಿ, ಸಾಯೋ ಹಿಂದಿನ ದಿನದ ತನಕ ಖುಷಿಯಾಗಿದ್ದ. ನನಗೆ ನೀವೆಲ್ಲ ನಿಜ ಹೇಳಿದ್ರಿ." ದಿಂಬನ್ನು ಸರಿಪಡಿಸಿಕೊಂಡು ಮತ್ತೆ ಹೇಳಿದರು. "ಅವಳು ಎರಡು ವರ್ಷ ಕೇಳಿದ್ದಳು. ಎಷ್ಟು ಎರಡು ವರ್ಷ ಇತ್ತು ನನ್ನ ಹತ್ತಿರ, ನೋಡಿ."

ನಾನು ಸಮಾಧಾನದ ಮಾತು ಹುಡುಕಿದೆನು. ಪುಟ್ಟಿ ಇನ್ನೂ ಚಿಕ್ಕವಳು, ಮುಂದೆ ಓದಬಹುದು ಎಂಬ ಅರ್ಥದಲ್ಲಿ ಏನೋ ಹೇಳಿದೆನು. ಅವರು ನನ್ನನ್ನು ತಡೆಯಲಿಲ್ಲ. ಆದರೆ ಕೇಳಿಸಿಕೊಳ್ಳಲೂ ಇಲ್ಲ. ಹೊರಗೆ ಗೇಟಿನ ಸದ್ದಾಯಿತು. ಪುಟ್ಟಿ ಬಿಸಿ ಚಪಾತಿಯ ಡಬ್ಬಿ ಹಿಡಿದು ಬಂದಳು. ಚೊಂಬನ್ನೆತ್ತಿ ನೋಡಿ, "ಕ್ಯಾ ಅಪ್ಪ, ಒಂದು ಗುಟುಕೂ ಕುಡಿದಿಲ್ಲ? ಇಷ್ಟಾದ್ರೂ ಕುಡೀಬೇಕು ಅಂತ ಹೇಳಿಲ್ವಾ?" ಎಂದು ಗದರಿ, ಲೋಟಕ್ಕೆ ಬಗ್ಗಿಸಿ ಬಾಯಿಗೆ ಹಿಡಿದಳು. ಅವರು ಮಗುವಿನಂತೆ ಕುಡಿದರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ಹೋಳಿ ಹಬ್ಬಕ್ಕೆ ಮುಂಚೆ ಅವರು ತೀರಿಕೊಂಡರು. ಅವರು ಇದಕ್ಕಾಗಿ ಅಷ್ಟು ವರ್ಷ ಸಿದ್ಧರಾಗಿದ್ದರೂ, ಬಂದಾಗ ಯಾವ ಸಿದ್ಧತೆಯೂ ಇರಲಿಲ್ಲವೆಂದು ಅಕ್ಕ ಹೇಳಿದರು. ಯಂತ್ರಕ್ಕೆ ಹೋಗುವ ದಿನವಾದ್ದರಿಂದ ಅಂಗಿ ತೊಡಿಸುತ್ತಿದ್ದಾಗಲೇ ಹೋದರಂತೆ. ತೊಡಿಸುತ್ತಿದ್ದವಳು ಪುಟ್ಟಿ.

ವೈಕುಂಠ ಸಮಾರಾಧನೆಯ ದಿನ ಫರೀದಾಬಾದಿನ ಆ ಬಾಡಿಗೆ ಮನೆಯ ತಾರಸಿಯ ಮೇಲೆ ಶಾಮಿಯಾನ ಹಾಕಿಸಿ ಊಟವಿಟ್ಟಿದ್ದರು. ಊರಿನಿಂದ ಬಂದ ನೆಂಟರು, ನಮ್ಮ ಕಚೇರಿಯವರು, ಅಳಿಯನ ಕಡೆಯವರು. ಬಡಿಸುವವರು ಸಾಲದೆ ಪುಟ್ಟಿಯೇ ಪಾಯಸದ ಪಾತ್ರೆ ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದಳು. ನನ್ನ ಪಕ್ಕದಲ್ಲಿ ಸಾಹೇಬರ ಸೋದರಸಂಬಂಧಿಯಾದ ಹಿರಿಯರೊಬ್ಬರು ಕುಳಿತಿದ್ದರು. ಅವರು ಎಲೆಯ ಮೇಲಿಂದ ಕೈ ತೆಗೆದು, ತುಂಬಿದ ಮನಸ್ಸಿನಿಂದ ಹೇಳಿದರು.

"ಪುಣ್ಯವಂತ ಕಣಮ್ಮಾ ನಿಮ್ಮಪ್ಪ. ಅವನ ಮನೇಲಿ ಯಾವ ಗಂಡಸಿಗೂ ಇಷ್ಟು ಆಯಸ್ಸು ಸಿಕ್ಕಿರಲಿಲ್ಲ. ನಿನ್ನ ಮದುವೆ, ಮೊಮ್ಮಗಳು, ನಿನ್ನ ಸಂಸಾರ, ಎಲ್ಲಾ ನೋಡಿ ಹೋದ."

ಪುಟ್ಟಿ ಬಾಗಿ ಅವರ ಎಲೆಗೆ ಪಾಯಸ ಬಡಿಸಿದಳು. ಸೌಟಿನ ತುದಿಯನ್ನು ಎಲೆಗೆ ತಾಗಿಸದಂತೆ ಎತ್ತಿಕೊಂಡಳು.

"ಹೌದು ದೊಡ್ಡಪ್ಪ" ಎಂದಳು. "ಎಲ್ಲಾ ನೋಡಿಯೇ ಹೋದರು."

ಆಮೇಲೆ ನನ್ನ ಎಲೆಯ ಮುಂದೆ ಬಂದು, "ಆಂಟಿ, ಹಾಕಲಾ?" ಎಂದು ಕೇಳಿದಳು.